ಹನ್ನೆರಡು ಸೂಕ್ಷ್ಮದರ್ಶಕಗಳ ಮಳೆಗಾಲ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಮ್ಮ ಕಾಲೇಜಿನಲ್ಲೊಂದು ಸಮಿತಿ ಆಯಿತು. ಉಪಕರಣ ಯೋಜನಾ ಸಮಿತಿ ಎಂದು ಅದರ ಹೆಸರು. ಅದರಲ್ಲಿ ನಾನೂ ಇದ್ದೆ. ಹೆಮ್ಮೆಯಿಂದ ಹೇಳುವ ಮಾತಲ್ಲ ಇದು. ಇಷ್ಟು ವರ್ಷ ಕಳೆದರೂ ಯೋಜನೆ ಎಂಬ ಪದ ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಮನೆಯವರು ಇದನ್ನು ಮುದುಕನ ಸಿಡುಕು ಎಂದುಕೊಂಡಿದ್ದಾರೆ. ಎಂದುಕೊಳ್ಳಲಿ.

ಕಾಲೇಜೆಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ನಾಲ್ಕು ಮಂದಿ ಕಾಫಿ ಪ್ಲಾಂಟರುಗಳೂ ಇಬ್ಬರು ವಕೀಲರೂ ಸೇರಿ, ಬಿಳಿಯ ದೊರೆಯೊಬ್ಬ ಬಿಟ್ಟುಹೋದ ಹಳೆಯ ಬಂಗಲೆಯಲ್ಲಿ ಶುರುಮಾಡಿದ ಕಾಲೇಜು ಅದು. ಪಿ.ಯು.ಸಿ.ವರೆಗೆ ಮಾತ್ರ ತರಗತಿಗಳು. ನಾನಲ್ಲಿ ಜೀವಶಾಸ್ತ್ರದ ಡೆಮಾನ್ಸ್ಟ್ರೇಟರ್. ಪಾಠ ಮಾಡುವವರು ಬೇರೆ, ಲ್ಯಾಬಿನಲ್ಲಿ ಕಪ್ಪೆ ಕೊಯ್ದು ತೋರಿಸಿ, ಹುಡುಗರ ಬೈಗುಳ ತಿನ್ನುವವನು ನಾನು. ಕೆಲಸವೂ ಹಂಗಾಮಿ. ಪ್ರತಿವರ್ಷ ಜೂನಿನಲ್ಲಿ ಮತ್ತೆ ಹೊಸ ಆರ್ಡರು ಕೊಡುತ್ತಿದ್ದರು. ಕೊಡದಿದ್ದರೆ ಸಂಪಾಜೆ ಹತ್ತಿರದ ನಮ್ಮ ಮನೆಗೆ ಹೋಗಿ ಅಣ್ಣಂದಿರ ಕೈಕೆಳಗೆ ಗದ್ದೆ ಕೆಲಸ ಮಾಡಬೇಕಿತ್ತು. ಆ ಭಯ ನನಗೆ ಸದಾ ಇತ್ತು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ನಿಮಗೆ ಅರ್ಥವಾಗುತ್ತದೆ.

ಲ್ಯಾಬಿನ ಅಟೆಂಡರ್ ನನಗಿಂತ ಹದಿನೈದು ವರ್ಷ ದೊಡ್ಡವನು. ಗಾಳಿಬೀಡಿನ ಕಡೆಯವನು, ನಮ್ಮ ಹಾಗೆಯೇ ಮನೆಯಲ್ಲಿ ಅರೆಭಾಷೆ ಆಡುವವನು. ಕಾಲೇಜಿನೊಳಗೆ ಅವನು ನನ್ನನ್ನು ಸಾರ್ ಎನ್ನುತ್ತಿದ್ದ. ಗೇಟು ದಾಟಿದ ಮೇಲೆ ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಆಗಲೂ ಅವನು ಸಾರ್ ಬಿಡುತ್ತಿರಲಿಲ್ಲ. ಕನ್ನಡ ಅಕ್ಷರ ಕೂಡಿಸಿ ಓದುತ್ತಿದ್ದ, ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ಲ್ಯಾಬಿನ ಒಂದೊಂದು ಬಾಟಲಿಯೂ ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದ. ದೊರೆ ಬಿಟ್ಟುಹೋಗಿದ್ದ ಒಂದೇ ಒಂದು ಹಿತ್ತಾಳೆಯ ಸೂಕ್ಷ್ಮದರ್ಶಕ ನಮ್ಮಲ್ಲಿತ್ತು. ಅದನ್ನು ಅವನು ದಿನಾ ಹಳೆಯ ಮಲ್ಲಿನ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದ. ನಲವತ್ತು ಹುಡುಗರು ಸಾಲಾಗಿ ನಿಂತು ಆ ಒಂದರೊಳಗೆ ಇಣುಕುತ್ತಿದ್ದರು. ಕೊನೆಯವನ ಸರದಿ ಬರುವಷ್ಟರಲ್ಲಿ ಸ್ಲೈಡಿನ ಮೇಲಿನ ಈರುಳ್ಳಿ ಸಿಪ್ಪೆ ಒಣಗಿ ಹೋಗಿರುತ್ತಿತ್ತು.

ಅವನಿಗೊಬ್ಬಳೇ ಮಗಳು. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು, ಮುಂದಿನ ಜೂನಿನಲ್ಲಿ ನಮ್ಮ ಪಿ.ಯು.ಸಿ.ಗೆ ಸೇರುವವಳಿದ್ದಳು. ಅವಳು ಬಿ.ಎಸ್ಸಿ. ಓದಬೇಕೆಂದು ಅವನಿಗೆ ಹಟ. ಅಟೆಂಡರನ ಮಗಳಿಗೆ ಬಿ.ಎಸ್ಸಿ. ಯಾಕೆ ಎಂದು ಆಫೀಸಿನ ಗುಮಾಸ್ತರು ರೇಗಿಸಿದರೆ ನಕ್ಕು ಸುಮ್ಮನಾಗುತ್ತಿದ್ದ. ಬಿ.ಎಸ್ಸಿ. ಇದ್ದದ್ದು ಮೈಸೂರಿನಲ್ಲಿ, ಇಲ್ಲವೇ ಮಂಗಳೂರಿನಲ್ಲಿ. ಅಲ್ಲಿ ಹಾಸ್ಟೆಲಿನಲ್ಲಿಟ್ಟು ಓದಿಸುವ ಶಕ್ತಿ ಅವನಿಗಿರಲಿಲ್ಲ, ಮನೆಯಲ್ಲಿಟ್ಟುಕೊಳ್ಳುವ ನೆಂಟರೂ ಇರಲಿಲ್ಲ. ನಮ್ಮ ಕಾಲೇಜಿನಲ್ಲೇ ತರಗತಿ ತೆರೆದರೆ ಅವಳು ಗಾಳಿಬೀಡಿನಿಂದ ನಡೆದೇ ಬರಬಹುದು. ತೆರೆಯದಿದ್ದರೆ ಪಿ.ಯು.ಸಿ.ಗೆ ಅವಳ ಓದು ಮುಗಿಯಿತು. ಇಷ್ಟೇ ಲೆಕ್ಕ.

ತರಗತಿ ತೆರೆಯಬೇಕಾದರೆ ವಿಶ್ವವಿದ್ಯಾನಿಲಯದವರು ಬಂದು ಲ್ಯಾಬು ನೋಡಿ ಒಪ್ಪಬೇಕು. ಲ್ಯಾಬಿಗೆ ಸಾಮಾನು ಬರಬೇಕಾದರೆ ಸರ್ಕಾರದ ಅನುದಾನ ಬೇಕು. ಅನುದಾನಕ್ಕೆ ಯೋಜನೆ ಬೇಕು, ಯೋಜನೆಗೆ ಸಮಿತಿ ಬೇಕು. ಹೀಗೆ ಆಯಿತು ಸಮಿತಿ. ಪ್ರಿನ್ಸಿಪಾಲರು, ಆಡಳಿತ ಮಂಡಳಿಯ ಪರವಾಗಿ ಒಬ್ಬ ಪ್ಲಾಂಟರು, ಜೀವಶಾಸ್ತ್ರದ ಮುಖ್ಯಸ್ಥರು, ಬರೆದುಕೊಳ್ಳುವುದಕ್ಕೆ ನಾನು. ಮುಖ್ಯಸ್ಥರು ಮೈಸೂರಿನ ಕಡೆಯವರು, ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಒಳ್ಳೆಯ ಮನುಷ್ಯ, ಓದಿಕೊಂಡವರು. ನಮ್ಮ ಚಳಿಗೆ ಹೆದರಿ ಹಗಲಿನಲ್ಲೂ ಮಫ್ಲರು ಸುತ್ತುತ್ತಿದ್ದರು. ಮಳೆಗಾಲವನ್ನು ಅವರಿನ್ನೂ ನೋಡಿರಲಿಲ್ಲ.

ಮೊದಲ ಸಭೆಗೆ ಅವರೊಂದು ಪಟ್ಟಿ ತಂದರು. ತಾವು ಮೊದಲಿದ್ದ ಬಯಲುಸೀಮೆಯ ಕಾಲೇಜಿನ ಪಟ್ಟಿ ಅದು, ಅದನ್ನೇ ಎದುರಿಗಿಟ್ಟುಕೊಂಡು ನಾವು ನಮ್ಮದನ್ನು ತಯಾರಿಸಿದೆವು. ತಯಾರಿಸಿದೆವು ಎನ್ನುವುದು ದೊಡ್ಡ ಮಾತು, ನಕಲು ಮಾಡಿದೆವು. ಹನ್ನೆರಡು ಸೂಕ್ಷ್ಮದರ್ಶಕ, ಗಾಜಿನ ಸಾಮಾನು, ಅಸ್ಥಿಪಂಜರ ಒಂದು, ಗೋಡೆಗೆ ತೂಗುಹಾಕುವ ಚಿತ್ರಪಟಗಳು, ಸೀಲಿಂಗ್ ಫ್ಯಾನು ನಾಲ್ಕು. ಫ್ಯಾನು ಎಂದು ಬರೆಯುವಾಗ ನನಗೆ ನಗು ತಡೆಯಲಿಲ್ಲ. ನಮ್ಮ ಊರಿನಲ್ಲಿ ಫ್ಯಾನು! ಪಟ್ಟಿಯಲ್ಲಿದ್ದ ಸಾಮಾನನ್ನು ಬಿಟ್ಟರೆ ಮೇಲಿನವರು ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆ, ಇರಲಿ ಎಂದರು ಪ್ರಿನ್ಸಿಪಾಲರು. ಪ್ಲಾಂಟರು ತಮ್ಮ ಎಸ್ಟೇಟಿನ ಕಾಫಿ ಪಿಕ್ಕಿಂಗ್ ಬಗ್ಗೆ ಮಾತಾಡಿ, ಚಾ ಕುಡಿದು, ಸಹಿ ಹಾಕಿ ಜೀಪು ಹತ್ತಿದರು.

ನಾನೊಂದು ಮಾತು ಹೇಳಿದ್ದೆ. ಅದೊಂದೇ ನನ್ನ ಪಾಲಿನ ಪುಣ್ಯ, ಅದೂ ಅರ್ಧಂಬರ್ಧ. ಮಳೆಗಾಲದಲ್ಲಿ ನಮ್ಮಲ್ಲಿ ಗಾಜಿಗೂ ಬೂಷ್ಟು ಹಿಡಿಯುತ್ತದೆ, ಸೂಕ್ಷ್ಮದರ್ಶಕ ಇಡುವುದಕ್ಕೆ ಒಳಗೆ ಸಣ್ಣ ಬಲ್ಬು ಉರಿಯುವ ಕಪಾಟು ಬೇಕು ಎಂದೆ. ಮಂಗಳೂರಿನಲ್ಲಿ ಓದುವಾಗ ಅಂಥದ್ದನ್ನು ನೋಡಿದ್ದೆ. ಮುಖ್ಯಸ್ಥರು ಒಪ್ಪಿ ಬರೆಸಿದರು. ಪಟ್ಟಿ ಬೆಂಗಳೂರಿಗೆ ಹೋಯಿತು. ನಾಲ್ಕು ತಿಂಗಳ ಮೇಲೆ ತಿರುಗಿ ಬಂದಾಗ ಕಪಾಟಿನ ಮೇಲೆ ಕೆಂಪು ಗೀಟು ಬಿದ್ದಿತ್ತು. ಕಪಾಟು ಪೀಠೋಪಕರಣ, ಅದು ಈ ಅನುದಾನದಡಿ ಬರುವುದಿಲ್ಲವಂತೆ. ಫ್ಯಾನು ಬರುತ್ತದಂತೆ. ನಾನು ಮತ್ತೆ ಬರೆಯೋಣ ಎಂದೆ. ಮತ್ತೆ ಬರೆದರೆ ಮತ್ತೆ ನಾಲ್ಕು ತಿಂಗಳು, ಬಂದದ್ದನ್ನು ತೆಗೆದುಕೊಳ್ಳೋಣ ಎಂದರು ಪ್ರಿನ್ಸಿಪಾಲರು. ನಾನು ಹೆಚ್ಚು ವಾದಿಸಲಿಲ್ಲ, ಜೂನು ಹತ್ತಿರ ಬರುತ್ತಿತ್ತು. ಊರ ಬಡಗಿಯಿಂದ ಕಪಾಟು ಮಾಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಪಾಟು ಆಗುತ್ತಿತ್ತು, ಕರೆಂಟು? ವೈರು ಎಳೆದಿದ್ದದ್ದು ಆಫೀಸಿಗೂ ಹಾಲಿಗೂ ಮಾತ್ರ, ಲ್ಯಾಬಿಗೆ ಎಳೆಸುವ ಖರ್ಚನ್ನೂ ನಾನು ಕಪಾಟಿನ ಜೊತೆಗೇ ಸೇರಿಸಿ ಬರೆದಿದ್ದೆ. ಮಳೆ ಹಿಡಿಯಿತೆಂದರೆ ಮರ ಬಿದ್ದು ಅದೂ ವಾರಗಟ್ಟಲೆ ಇರುತ್ತಿರಲಿಲ್ಲ.

ಸೂಕ್ಷ್ಮದರ್ಶಕಗಳು ಮೇ ಕೊನೆಗೆ ಬಂದವು. ಬಸ್ಸಿನ ಟಾಪಿನ ಮೇಲೆ, ಹುಲ್ಲು ತುಂಬಿದ ಮರದ ಪೆಟ್ಟಿಗೆಗಳಲ್ಲಿ. ಅಟೆಂಡರ್ ಒಂದೊಂದನ್ನೂ ಎರಡು ಕೈಯಲ್ಲಿ ಎದೆಗೊತ್ತಿಕೊಂಡು ಒಳಗೆ ತಂದ, ಕೂಲಿಯವರನ್ನು ಮುಟ್ಟಗೊಡಲಿಲ್ಲ. ಪ್ರತಿ ಪೆಟ್ಟಿಗೆಯಲ್ಲೂ ಒಂದು ಇಂಗ್ಲಿಷ್ ಪುಸ್ತಿಕೆ ಇತ್ತು. ಮೊದಲ ಪುಟದಲ್ಲಿದ್ದ ಭಾಗಗಳ ಚಿತ್ರ ನೋಡಿ ಜೋಡಿಸಿದೆ, ಎಲ್ಲವೂ ಸರಿಯಾಗಿ ಕೂತಿತು. ಹನ್ನೆರಡು ಪುಸ್ತಿಕೆಗಳನ್ನೂ ದಾರ ಕಟ್ಟಿ ನನ್ನ ಮೇಜಿನ ಡ್ರಾಯರಿಗೆ ಹಾಕಿದೆ. ಆ ಕಾಲೇಜಿನಲ್ಲಿ ಅದನ್ನು ಓದಬೇಕಾದವನು, ಓದುವುದಕ್ಕೆ ಸಂಬಳ ತೆಗೆದುಕೊಳ್ಳುತ್ತಿದ್ದವನು ನಾನೊಬ್ಬನೇ. ನಾನು ಓದಲಿಲ್ಲ. ಯಂತ್ರ ಬಂತಲ್ಲ, ಇನ್ನೇನು ಎಂಬ ಅಹಂಕಾರ.

ಜೂನಿನಲ್ಲಿ ಅವನ ಮಗಳು ಸೇರಿದಳು. ಮೊದಲ ಪ್ರಾಕ್ಟಿಕಲ್ ದಿನ ಅವಳ ಬೆಂಚಿನಲ್ಲಿ ನಾಲ್ಕು ಜನಕ್ಕೆ ಒಂದು ಸೂಕ್ಷ್ಮದರ್ಶಕ. ಕೆರೆಯ ನೀರಿನ ಹನಿ ಇಟ್ಟುಕೊಟ್ಟೆ. ಅವಳು ಕಣ್ಣಿಟ್ಟವಳು ತೆಗೆಯಲೇ ಇಲ್ಲ. ಪಕ್ಕದವಳು ಮೊಣಕೈಯಲ್ಲಿ ತಿವಿದರೂ ಅಲ್ಲಾಡಲಿಲ್ಲ. ಅಪ್ಪ ಬಾಗಿಲ ಹತ್ತಿರ ಬಕೆಟ್ಟು ಹಿಡಿದು ನಿಂತು ನೋಡುತ್ತಿದ್ದ. ಅವಳು ಕ್ಲಾಸಿನಲ್ಲಿ ಎಲ್ಲರಿಗಿಂತ ಚುರುಕು. ಚಿತ್ರ ಬರೆದರೆ ಅಚ್ಚು ಹಾಕಿದ ಹಾಗಿರುತ್ತಿತ್ತು. ಅಕ್ಟೋಬರಿನಲ್ಲಿ ವಿಶ್ವವಿದ್ಯಾನಿಲಯದವರು ಬರುತ್ತಾರೆ, ಬರುವ ಜೂನಿಗೆ ಬಿ.ಎಸ್ಸಿ. ತೆರೆಯುತ್ತದೆ ಎಂದು ನಾನೇ ಅವಳಿಗೆ ಹೇಳಿದ್ದೆ.

ಜುಲೈ ಎರಡನೆಯ ವಾರಕ್ಕೆ ಮಸೂರಗಳಿಗೆ ಬೂಷ್ಟು ಹಿಡಿಯಿತು. ಗಾಜಿನ ಅಂಚಿನಿಂದ ಬಿಳಿಯ ಎಳೆ ಹೊರಟು ನಡುವಿನ ಕಡೆಗೆ ಹಬ್ಬುತ್ತಿತ್ತು. ಒರೆಸಿದರೆ ಎರಡು ದಿನಕ್ಕೆ ಮತ್ತೆ. ಮುಖ್ಯಸ್ಥರು ಕಂಗಾಲಾದರು. ಅವರ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಬಂದಿತ್ತು, ಅವರಿಗೆ ಊರೇ ಸಾಕಾಗಿತ್ತು. ಕಪಾಟಿಗೆ ಮತ್ತೆ ಬರೆಯುತ್ತೇನೆ ಎಂದರು, ಬರೆದರು ಕೂಡ. ಆದರೆ ಅಕ್ಟೋಬರಿಗೆ ಮೂರೇ ತಿಂಗಳಿತ್ತು.

ಇಲ್ಲಿ ನಮ್ಮ ಮನೆಗಳ ಪದ್ಧತಿಯೊಂದನ್ನು ಹೇಳಬೇಕು. ಮಳೆ ಹಿಡಿದ ಮೂರು ತಿಂಗಳು ನಮ್ಮಲ್ಲಿ ಬಿಸಿಲೆಂಬುದಿಲ್ಲ, ಒಣಗಬೇಕಾದದ್ದೆಲ್ಲ ಬೆಂಕಿಯ ಮೇಲೆಯೇ ಒಣಗಬೇಕು. ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ, ಮೇಲೆ ಬಿದಿರಿನ ದೊಡ್ಡ ಬುಟ್ಟಿ ಕವುಚಿ, ಅದರ ಮೇಲೆ ಮಕ್ಕಳ ಬಟ್ಟೆ ಹರಡುತ್ತೇವೆ. ಉಪ್ಪು, ಬೆಂಕಿಪೊಟ್ಟಣ, ಬಿತ್ತನೆ ಬೀಜ, ಒಣಮೀನು, ಜಮೀನಿನ ಕಾಗದ ಎಲ್ಲವೂ ಒಲೆಯ ಮೇಲಿನ ಅಟ್ಟದಲ್ಲಿ. ನನ್ನ ಬಿ.ಎಸ್ಸಿ. ಸರ್ಟಿಫಿಕೇಟು ಕೂಡ ಅಲ್ಲಿಯೇ ಇದ್ದು ಹಳದಿಯಾಗಿತ್ತು. ಮಳೆಗಾಲದಲ್ಲಿ ನಮ್ಮ ಇಡೀ ಕ್ಲಾಸು ಹೊಗೆ ವಾಸನೆ ಹೊಡೆಯುತ್ತಿತ್ತು. ಬೆಂಕಿಯ ಮೇಲಿಟ್ಟದ್ದು ಉಳಿಯಿತು ಎಂದೇ ನಮ್ಮ ನಂಬಿಕೆ. ಅದನ್ನು ಯಾರೂ ನಮಗೆ ಕಲಿಸಿದ್ದಲ್ಲ, ಹುಟ್ಟಿದಾಗಿನಿಂದ ನೋಡಿದ್ದು.

ಒಂದು ಮಧ್ಯಾಹ್ನ ಅಟೆಂಡರ್ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಮಳೆಗಾಲಕ್ಕೆ ಬೆಂಕಿ ಮೇಲೆ ಇಡದ ಸಾಮಾನ್ ನಮ್ಮ ಮನೆಲಿ ಯಾವ್ದುಟ್ಟು ಸಾರ್? ಇದ್ಕೂ ಅಷ್ಟೇ ಮಾಡಿರೆ ಆತ್."

ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ಹೌದಲ್ಲ, ಇಷ್ಟು ಸುಲಭದ್ದು ನನಗೆ ಹೊಳೆಯಲಿಲ್ಲವಲ್ಲ ಎನಿಸಿತು. ಬೆಂಗಳೂರಿನವರ ಬಲ್ಬಿನ ಕಪಾಟು ಯಾರಿಗೆ ಬೇಕು ಎಂದೂ ಎನಿಸಿತು. ಮಾಡಿ ಅಣ್ಣ ಎಂದೆ. ಕಾಲೇಜಿನೊಳಗೆ ಅವನನ್ನು ಅಣ್ಣ ಎಂದದ್ದು ಅದೇ ಮೊದಲು. ಮುಖ್ಯಸ್ಥರಿಗೆ ಹೇಳಿದೆ, ನಿಮ್ಮ ಊರಿನ ಉಪಾಯ ನಿಮಗೇ ಗೊತ್ತು ಎಂದು ಅವರು ಮಫ್ಲರು ಸರಿಮಾಡಿಕೊಂಡರು.

ಅವನು ಮನೆಯಿಂದ ಬುಟ್ಟಿ ತಂದ. ಮಸೂರಗಳನ್ನು ತಿರುಗಿಸಿ ಬಿಚ್ಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯ ಮೇಲೆ ಸಾಲಾಗಿಡುತ್ತಿದ್ದ. ಕೆಳಗೆ ಬೂದಿ ಮುಚ್ಚಿದ ಕೆಂಡ. ಬೂಷ್ಟು ನಿಂತೇ ಹೋಯಿತು. ಅವನ ಮುಖ ನೋಡಬೇಕಿತ್ತು ಆಗ! ಕ್ಲಾಸಿಗೆ ಬರುವ ಹುಡುಗರಿಗೆಲ್ಲ ತೋರಿಸುತ್ತಿದ್ದ. ಆಗಸ್ಟಿನ ಆರಂಭದಲ್ಲಿ ಮಳೆ ಜೋರಾಗಿ, ಸೇತುವೆ ಮುಳುಗಿ ಕಾಲೇಜಿಗೆ ಹನ್ನೊಂದು ದಿನ ರಜೆ ಕೊಟ್ಟರು. ರಜೆಯಲ್ಲಿ ಕೆಂಡ ನೋಡಿಕೊಳ್ಳುವವರು ಯಾರು? ಮಸೂರಗಳನ್ನು ಮನೆಗೆ ಒಯ್ಯುತ್ತೇನೆ ಎಂದ, ಒಯ್ಯಿ ಎಂದೆ. ಹುಲ್ಲಿನ ನಡುವೆ ಇಟ್ಟು, ಮೇಲೆ ಮಳೆಗೆ ಹೊದೆಯುವ ಎಲೆಯ ಗೊರಬೆ ಮುಚ್ಚಿ, ಆ ಮಳೆಯಲ್ಲಿ ನಾಲ್ಕೈದು ಮೈಲಿ ನಡೆದು ಒಯ್ದ. ಮನೆಯಲ್ಲಿ ಅವನೂ ಮಗಳೂ ಸರದಿಯ ಮೇಲೆ ಕೂತು ಕೆಂಡ ಕಾದರು. ಹನ್ನೊಂದು ದಿನ ಒಂದು ಗಳಿಗೆಯೂ ಆರಗೊಡಲಿಲ್ಲವಂತೆ.

ರಜೆ ಮುಗಿದು ಮಸೂರಗಳನ್ನು ಕೂಡಿಸಿ ಕಣ್ಣಿಟ್ಟೆ. ಮಂಜು. ಇನ್ನೊಂದಕ್ಕೆ ಇಟ್ಟೆ, ಅದೂ ಹಾಗೆಯೇ, ಗರಿಯ ಹಾಗೆ ಹರಡಿದ ಬಣ್ಣದ ಗುಳ್ಳೆಗಳು. ಬೂಷ್ಟೆಂದು ಒರೆಸಿದೆ, ಹೋಗಲಿಲ್ಲ, ಅದು ಗಾಜಿನ ಒಳಗಿತ್ತು. ಹನ್ನೆರಡನ್ನೂ ನೋಡಿದೆ, ಎಲ್ಲವೂ ಹಾಗೆಯೇ. ಆಮೇಲೆ ಡ್ರಾಯರು ತೆಗೆದು, ದಾರ ಬಿಚ್ಚಿ, ಪುಸ್ತಿಕೆ ಓದಿದೆ. ಒಂದೊಂದು ಮಸೂರವೂ ಎರಡು ಮೂರು ಗಾಜುಗಳನ್ನು ಒಂದು ಬಗೆಯ ಮರದ ಅಂಟಿನಿಂದ ಕೂಡಿಸಿ ಮಾಡಿದ್ದು, ಬೆಂಕಿಯ ಹತ್ತಿರವಾಗಲಿ ಬಿಸಿಲಿನಲ್ಲಾಗಲಿ ಇಡಕೂಡದು, ಅಂಟು ಕರಗಿ ಗಾಜು ಸರಿದರೆ ಸರಿಮಾಡುವಂತಿಲ್ಲ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಮೂರನೆಯ ಪುಟ. ಎರಡು ಪುಟ ತಿರುಗಿಸುವಷ್ಟು ವ್ಯವಧಾನ ನನಗಿರಲಿಲ್ಲ, ಸುಡುಗಾಡು.

ಅಟೆಂಡರನಿಗೆ ನಾನು ಹೇಳಿದ್ದು ಮಳೆಗೆ ಹೀಗಾಗಿದೆ ಎಂದು. ಅವನು ಮಸೂರ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಇನ್ನೆರಡು ದಿನ ಕೆಂಡದ ಮೇಲೆ ಇಡಲೇ ಎಂದು ಕೇಳಿದ. ಬೇಡ ಎಂದೆ. ಯಾಕೆಂದು ಹೇಳುವ ಧೈರ್ಯ ಬರಲಿಲ್ಲ.

ಮಾರಿದ ಅಂಗಡಿ ಬೇರೆ ರಾಜ್ಯದಲ್ಲಿತ್ತು, ಅಲ್ಲಿಗೆ ಬರೆದೆವು. ಕಳಿಸಿಕೊಡಿ, ನೋಡುತ್ತೇವೆ ಎಂದು ಅವರು ಉತ್ತರ ಬರೆದರು. ಅನುದಾನದ ಸಾಮಾನನ್ನು ರಾಜ್ಯದ ಹೊರಗೆ ಕಳಿಸುವುದಕ್ಕೆ ಬೆಂಗಳೂರಿನ ಅಪ್ಪಣೆ ಬೇಕು. ಅಪ್ಪಣೆಗೆ ಬರೆದೆವು. ಅಪ್ಪಣೆ ಬರುವ ಮೊದಲು ವಿಶ್ವವಿದ್ಯಾನಿಲಯದ ಮೂವರು ಬಂದರು. ಗೆಸ್ಟ್ ಹೌಸಿನಲ್ಲಿ ಅವರಿಗೆ ಊಟ ಭರ್ಜರಿಯಾಗಿ ಆಯಿತು, ಪ್ಲಾಂಟರು ತಮ್ಮ ತೋಟದ ಜೇನು ಬಾಟಲಿ ಕೊಟ್ಟರು. ಆಮೇಲೆ ಲ್ಯಾಬಿಗೆ ಬಂದು ಹಿರಿಯರೊಬ್ಬರು ಮೊದಲ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ತೆಗೆದು ಕನ್ನಡಕ ಒರೆಸಿಕೊಂಡು ಮತ್ತೆ ಇಟ್ಟರು. ಎರಡನೆಯದು, ಮೂರನೆಯದು. ನಾಲ್ಕನೆಯದನ್ನು ನೋಡಲಿಲ್ಲ. ತಲೆಯೆತ್ತಿ, ಕರೆಂಟಿಲ್ಲದೆ ಸೀಲಿಂಗಿಗೆ ಸುಮ್ಮನೆ ತೂಗುಹಾಕಿದ್ದ ಫ್ಯಾನು ನೋಡಿ, ಇದು ಯಾರಿಗೆ ಎಂದು ಕೇಳಿದರು. ಹುಡುಗಿ ಹೊರಗೆ ವರಾಂಡದಲ್ಲಿ ಪುಸ್ತಕ ಹಿಡಿದು ನಿಂತಿದ್ದಳು. ಅವರು ಹೊರಡುವಾಗ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಡಿಸೆಂಬರಿನಲ್ಲಿ ವರದಿ ಬಂತು. ಉಪಕರಣಗಳು ಕೆಲಸಕ್ಕೆ ಬಾರದ ಸ್ಥಿತಿಯಲ್ಲಿವೆ. ಹೇಗೆ ಹಾಳಾದವು, ಹೊಣೆ ಯಾರದು ಎಂದು ಬರೆದು ತಿಳಿಸಿದರೆ ಫೆಬ್ರವರಿಯಲ್ಲಿ ಮತ್ತೊಮ್ಮೆ ಬಂದು ನೋಡುವ ಬಗ್ಗೆ ಯೋಚಿಸಬಹುದು. ಪ್ರಿನ್ಸಿಪಾಲರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಸಿದರು. ನಡೆದದ್ದೆಲ್ಲ ಅವರಿಗೆ ಗೊತ್ತಿತ್ತು. ಕಾಗದದಲ್ಲಿ ಒಬ್ಬರ ಹೆಸರು ಇರಲೇಬೇಕು ಎಂದರು. ಮುಖ್ಯಸ್ಥರ ಹೆಸರು ಹಾಕಿದರೆ ವಿಭಾಗವೇ ಮುಚ್ಚುತ್ತದೆ. ನಿನ್ನ ಹೆಸರು ಹಾಕಿದರೆ ಜೂನಿನಲ್ಲಿ ನಿನಗೆ ಆರ್ಡರು ಕೊಡುವುದಕ್ಕೆ ಆಗುವುದಿಲ್ಲ. ಅಟೆಂಡರ್ ಖಾಯಂ ನೌಕರ, ಅವನನ್ನು ಯಾರೂ ಮನೆಗೆ ಕಳಿಸುವುದಿಲ್ಲ, ಬೈದು ಬಿಡುತ್ತಾರೆ ಅಷ್ಟೇ. ಇಂಗ್ಲಿಷಿನಲ್ಲಿ ನೀನೇ ಬರೆದು ಅವನ ಸಹಿ ತಾ. ಇಷ್ಟನ್ನು ಅವರು ಬಹಳ ಮೆತ್ತಗೆ ಹೇಳಿದರು, ನನ್ನ ಒಳ್ಳೆಯದಕ್ಕೆಂಬಂತೆ.

ಬರೆದೆ. ಯಾರ ಅಪ್ಪಣೆಯೂ ಇಲ್ಲದೆ, ಯಾರಿಗೂ ತಿಳಿಸದೆ, ನನ್ನ ಅಜ್ಞಾನದಿಂದ ಮಸೂರಗಳನ್ನು ಬೆಂಕಿಯ ಮೇಲಿಟ್ಟು ಹಾಳುಮಾಡಿದೆ ಎಂದು ಅವನ ಹೆಸರಿನಲ್ಲಿ ಬರೆದೆ. ಒಳ್ಳೆಯ ಇಂಗ್ಲಿಷಿನಲ್ಲಿ, ಒಂದೂ ತಪ್ಪಿಲ್ಲದೆ. ಹೊಣೆ ತಿಳಿಸಿದರೆ ಮತ್ತೆ ಬಂದು ನೋಡುವುದಾಗಿ ನೀವು ಬರೆದದ್ದಕ್ಕೆ ಇದು ಉತ್ತರ ಎಂದು ಮೊದಲ ಸಾಲಿನಲ್ಲಿ ಸೇರಿಸಿದೆ. ಹೆದರಿದ್ದೆ ಎನ್ನುವುದು ನಿಜ, ಆದರೆ ಹೆದರಿದವರೆಲ್ಲ ಹೀಗೆ ಮಾಡುವುದಿಲ್ಲ. ಅವನ ಕೈಗೆ ಕೊಟ್ಟು, ಮಸೂರದ ವಿಷಯ, ಸಹಿ ಬೇಕು ಎಂದಷ್ಟೇ ಹೇಳಿದೆ. ಅಲ್ಲಿಯೇ ಹಾಕಿಬಿಡುತ್ತಾನೆಂದುಕೊಂಡಿದ್ದೆ. ಅವನು ಕಾಗದವನ್ನು ಎರಡು ಕೈಯಲ್ಲಿ ಹಿಡಿದು, ಇಂಗ್ಲಿಷಲ್ವಾ, ಮಗಳ ಕೈಲಿ ಓದಿಸಿ ನಾಳೆ ತರುತ್ತೇನೆ ಎಂದ. ಮಗಳು ಇಂಗ್ಲಿಷ್ ಓದುತ್ತಾಳೆಂಬ ಸಂತೋಷ ಅವನ ಮುಖದಲ್ಲಿತ್ತು. ಬೇಡ ಎನ್ನುವುದಕ್ಕೆ ನನಗೆ ನೆಪ ಸಿಗಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ನಿದ್ದೆ ಬಂತು, ಬೆಳಿಗ್ಗೆ ಎಂದಿನ ಹೊತ್ತಿಗೇ ಎದ್ದೆ. ಕಾಲೇಜಿಗೆ ಹೋದರೆ ಅವನು ನನಗಿಂತ ಮೊದಲೇ ಬಂದು, ಸಹಿ ಹಾಕಿದ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, ಹಾರಬಾರದೆಂದು ಮೇಲೊಂದು ಗಾಜಿನ ಬಿರಡೆ ಇಟ್ಟಿದ್ದ. ಎಂದಿನಂತೆ ನಮಸ್ಕಾರ ಮಾಡಿದ. ಕೋಪವಿಲ್ಲ, ಬೇಸರವಿಲ್ಲ. ನನಗೆ ಏನೊಂದೂ ತಿಳಿಯಲಿಲ್ಲ. ಹುಡುಗಿ ಆ ದಿನ ಪ್ರಾಕ್ಟಿಕಲ್‌ಗೆ ಬಂದು ಹಳೆಯ ಹಿತ್ತಾಳೆಯ ಸೂಕ್ಷ್ಮದರ್ಶಕದ ಸಾಲಿನಲ್ಲಿ ನಿಂತಳು.

ಆಡಳಿತ ಮಂಡಳಿ ಅವನನ್ನು ಲ್ಯಾಬಿನಿಂದ ತೆಗೆದು ಗೇಟಿಗೆ ಹಾಕಿತು. ಗಂಟೆ ಹೊಡೆಯುವುದು, ಗೇಟು ತೆಗೆಯುವುದು ಹಾಕುವುದು. ಲ್ಯಾಬಿನೊಳಗೆ ಕಾಲಿಡಕೂಡದೆಂದು ಬೇರೆ ಬರೆದಿದ್ದರು. ನಾನು ಬೆಳಿಗ್ಗೆ ಗೇಟಿನೊಳಗೆ ಬರುವಾಗ ಅವನು ಎದ್ದು ನಿಲ್ಲುತ್ತಿದ್ದ. ಕಿತ್ತಳೆ ಕಾಲದಲ್ಲಿ ಹಿತ್ತಲಿನ ಹಣ್ಣು ಆರಿಸಿ ಒಂದು ಚೀಲ ತಂದು ನನಗೆ ಕೊಡುತ್ತಿದ್ದ.

"ನಿಮ್ಮಿಂದ ನನ್ನ ಕೆಲ್ಸ ಉಳ್ತ್ ಸಾರ್," ಎನ್ನುತ್ತಿದ್ದ.

ಕುಟುಕುತ್ತಿದ್ದಾನೆಂದು ಮೊದಲು ತಿಳಿದೆ. ಇರಲಿ, ಕುಟುಕುವ ಹಕ್ಕು ಅವನಿಗಿದೆ ಎಂದುಕೊಂಡೆ. ಆದರೆ ವರ್ಷವಾದ ಮೇಲೆ ವರ್ಷ ಅದೇ ಮಾತು, ಅದೇ ನಗು. ಕುಟುಕುವ ಮನುಷ್ಯನಲ್ಲ ಅವನು. ಆ ಹಣ್ಣನ್ನು ನಾನು ತಿನ್ನದೆ ಹೆಂಡತಿಗೆ ಕೊಡುತ್ತಿದ್ದೆ. ಅವಳಿಗೆ ಇದ್ಯಾವುದನ್ನೂ ಹೇಳಿರಲಿಲ್ಲ.

ಫೆಬ್ರವರಿಯಲ್ಲಿ ಯಾರೂ ಬರಲಿಲ್ಲ. ವಿವರಣೆ ತಲುಪಿದೆ, ಹೊಸ ಉಪಕರಣಗಳಿಗೆ ಹೊಸ ಯೋಜನೆ ಸಲ್ಲಿಸಿದ ಮೇಲೆ ನೋಡೋಣ ಎಂದು ಒಂದು ಸಾಲಿನ ಪತ್ರ ಬಂತು. ಹುಡುಗಿ ಪಿ.ಯು.ಸಿ.ಯನ್ನು ಪ್ರಥಮ ದರ್ಜೆಯಲ್ಲಿ ಪಾಸು ಮಾಡಿದಳು. ಜೂನಿನಲ್ಲಿ ತರಗತಿ ತೆರೆಯಲಿಲ್ಲ. ಒಂದು ವರ್ಷ ಮನೆಯಲ್ಲಿ ಕಾದಳು. ಸಮಿತಿ ಮತ್ತೆ ಕೂತಿತು, ನಮೂನೆ ಬದಲಾಗಿದೆ ಎಂದು ಪಟ್ಟಿ ತಿರುಗಿ ಬಂತು. ಮುಖ್ಯಸ್ಥರು ಬೇರೆ ಕೆಲಸ ಹುಡುಕಿಕೊಂಡು ಮೈಸೂರಿಗೆ ಹೋದರು. ಎರಡನೆಯ ವರ್ಷವೂ ಕಾದಳು. ಆಮೇಲೆ ಒಂದು ಎಸ್ಟೇಟಿನ ಲೈನುಮನೆಗಳಲ್ಲಿ ಕೂಲಿಯವರ ಮಕ್ಕಳಿಗೆ ಅಕ್ಷರ ಕಲಿಸುವುದಕ್ಕೆ ಹೋದಳಂತೆ. ಅವಳಪ್ಪ ಮಾತ್ರ ಪ್ರತಿ ಜೂನಿನಲ್ಲಿ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, ಈ ವರ್ಷ ಏನಾದರೂ ಉಂಟಾ ಎಂದು ಕೇಳುತ್ತಿದ್ದ. ನೋಡೋಣ ಎನ್ನುತ್ತಿದ್ದೆ.

ಬಿ.ಎಸ್ಸಿ. ಬಂದದ್ದು ಆರು ವರ್ಷದ ಮೇಲೆ. ಹೊಸ ಕಟ್ಟಡ, ಹೊಸ ಸೂಕ್ಷ್ಮದರ್ಶಕಗಳು, ಒಳಗೆ ಬಲ್ಬು ಉರಿಯುವ ಕಪಾಟು ಕೂಡ. ಅವಳಪ್ಪ ಆ ವರ್ಷದ ಮಳೆಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡ. ಸಾಯುವ ಮೊದಲು ಮಗಳನ್ನು ಕ್ಲಾಸಿಗೆ ಸೇರಿಸುವ ಮಾತಾಡಿದ್ದನಂತೆ. ಅವಳಿಗಾಗಲೇ ಪುಸ್ತಕ ಮರೆತಿತ್ತು, ಮನೆ ನಡೆಸುವ ಭಾರವೂ ಅವಳ ಮೇಲೆ ಬಿದ್ದಿತ್ತು. ಆಡಳಿತ ಮಂಡಳಿಯವರು ದೊಡ್ಡ ಮನಸ್ಸು ಮಾಡಿ ಅಪ್ಪನ ಕೆಲಸವನ್ನು ಮಗಳಿಗೆ ಕೊಟ್ಟರು. ಹೆಂಗಸನ್ನು ಗೇಟಿನಲ್ಲಿ ನಿಲ್ಲಿಸುವುದು ಸರಿಯಲ್ಲವೆಂದು ಲ್ಯಾಬಿಗೆ ಹಾಕಿದರು. ಹೀಗೆ ಅವಳು ಬಿ.ಎಸ್ಸಿ. ಲ್ಯಾಬಿಗೆ ಬಂದಳು. ಹುಡುಗಿಯರು ನೋಡಿ ಬಿಟ್ಟುಹೋದ ಸೂಕ್ಷ್ಮದರ್ಶಕಗಳನ್ನು ಒರೆಸಿ, ಎಣಿಸಿ ಕಪಾಟಿಗೆ ಇಡುವ ಕೆಲಸ. ಎಂಟು ವರ್ಷ ಅವಳು ನನ್ನ ಕಣ್ಣೆದುರಿಗೆ ಅದನ್ನು ಮಾಡಿದಳು. ಒಂದು ದಿನವೂ ಕಣ್ಣಿಟ್ಟು ನೋಡಿದ್ದನ್ನು ನಾನು ಕಾಣಲಿಲ್ಲ. ನೋಡು ಎಂದು ಹೇಳುವ ಮುಖ ನನಗಿರಲಿಲ್ಲ.

ನಾನು ಆ ಕಾಲೇಜು ಬಿಟ್ಟು ಬೇರೆ ಊರಿಗೆ ಹೊರಟ ದಿನ ಲ್ಯಾಬಿನ ಬೀಗದ ಕೈಗಳನ್ನು ಅವಳಿಗೆ ಒಪ್ಪಿಸಬೇಕಿತ್ತು. ಒಪ್ಪಿಸಿದೆ. ಇಬ್ಬರೇ ಇದ್ದೆವು. ಇವತ್ತು ಹೇಳದಿದ್ದರೆ ಇನ್ನು ಸಾಯುವವರೆಗೂ ಇಲ್ಲ ಎನಿಸಿ, ಆ ಕಾಗದದಲ್ಲಿ ನಾನು ಬರೆದದ್ದು ಸುಳ್ಳು, ಬೆಂಕಿಯ ಮೇಲೆ ಇಡಲು ಒಪ್ಪಿದವನು ನಾನು, ನಿನ್ನಪ್ಪನಿಗೆ ನಾನು ದ್ರೋಹ ಮಾಡಿದೆ ಎಂದುಬಿಟ್ಟೆ. ಅವಳು ಒರೆಸುತ್ತಿದ್ದ ಮಸೂರವನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದಳು. ನನ್ನೊಡನೆ ಅವಳು ಯಾವತ್ತೂ ಅರೆಭಾಷೆ ಆಡಿದವಳಲ್ಲ, ಕಾಲೇಜಿನ ಕನ್ನಡವೇ.

"ಗೊತ್ತು ಸಾರ್, ಅವತ್ತೇ ಓದಿದೆ. ಅಪ್ಪನಿಗೆ ನಾನು ಬೇರೆ ತರ ಓದಿ ಹೇಳಿದೆ. ಮಳೆಯಿಂದ ಹಾಳಾಯ್ತು, ಯಾರದ್ದೂ ತಪ್ಪಿಲ್ಲ, ನಿನ್ನ ಕೆಲಸ ಹೋಗದ ಹಾಗೆ ಸಾರ್ ಬರೆದಿದ್ದಾರೆ ಅಂತ."

ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ. ಅವನು ಸಹಿ ಹಾಕದೆ ಇರಬಹುದಿತ್ತಲ್ಲ ಎಂದೆ. ಕೇಳಬಾರದಿತ್ತು. ಅವಳು ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು.

"ಸಹಿ ಹಾಕಿದ್ರೆ ಅವರು ಮತ್ತೆ ಬಂದು ನೋಡ್ತಾರೆ ಅಂದಿದ್ರಲ್ಲ ಸಾರ್. ಆಗ ಕ್ಲಾಸ್ ಬರ್ತದೆ ಅಂತ ನನಗೆ ಆಸೆ ಇತ್ತು."